ಆಸ್ಪತ್ರೆಯಲ್ಲಿರುವಾಗ ಮೂತ್ರ ತಡೆಯಲಾಗದಿದ್ದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅಡ್ಮಿಟ್ ಆದವರಿಗೆ ಹಾಸಿಗೆಯಲ್ಲೇ ಮೂತ್ರ ಹೋಗತೊಡಗಿದರೆ ಮನೆಯವರು ಡೈಪರ್ ತರಲು ಮೆಡಿಕಲ್ ಸ್ಟೋರಿಗೆ ಓಡುತ್ತಾರೆ, ಇಲ್ಲವೇ ಮೂತ್ರದ ಪೈಪ್ (ಕ್ಯಾಥೆಟರ್) ಹಾಕಿಬಿಡಿ ಎಂದು ಸಿಸ್ಟರನ್ನು ಕೇಳುತ್ತಾರೆ. ಎರಡೂ ಬೇಕಾಗಬಹುದು, ಆದರೆ ಅದಕ್ಕೆ ಮೊದಲು ಯಾಕೆ ಹೋಗುತ್ತಿದೆ ಎಂದು ಹುಡುಕಬೇಕು. ವಾರ್ಡಿನಲ್ಲಿ ಹೊಸದಾಗಿ ಶುರುವಾದ ತೊಂದರೆಗೆ ಎಷ್ಟೋ ಸಲ ಸರಿಪಡಿಸಬಹುದಾದ ಕಾರಣವೇ ಸಿಗುತ್ತದೆ. ಕೆಳಗಿನ ಉತ್ತರಗಳು ರೋಗಿಯ ಜೊತೆ ಉಳಿಯುವ ಅಟೆಂಡರ್‌ಗಳಿಗೆ, ಹಾಗೆಯೇ ರೋಗಿಗಳಿಗೆ.

ಮನೆಯಲ್ಲಿ ಸರಿಯಾಗಿಯೇ ಇದ್ದರು. ಆಸ್ಪತ್ರೆಗೆ ಬಂದ ಮೇಲೆ ಶುರುವಾಗಿದೆ. ಯಾಕೆ?

ಮೊದಲು ಮಂಚದ ಸುತ್ತ ನೋಡಿ. ಮನೆಯಲ್ಲಿ ಬಚ್ಚಲಿಗೆ ಹತ್ತು ಹೆಜ್ಜೆ. ಇಲ್ಲಿ ಎತ್ತರದ ಮಂಚ, ಪಕ್ಕಕ್ಕೆ ಏರಿಸಿದ ಕಂಬಿ, ಕೈಗೆ ಡ್ರಿಪ್, ವಾರ್ಡಿನ ಕೊನೆಯಲ್ಲಿ ಟಾಯ್ಲೆಟ್. ಪೈಜಾಮದ ಲಾಡಿ ಬಿಚ್ಚುವಷ್ಟರಲ್ಲಿ ಹೋಗಿಬಿಡುತ್ತದೆ. ಮೂತ್ರಕೋಶ ಸರಿಯಾಗಿಯೇ ಇರುತ್ತದೆ, ತಲುಪಲು ಸಮಯ ಸಾಲುವುದಿಲ್ಲ, ಅಷ್ಟೆ. ಇಂಥವರಿಗೆ ಮಂಚ ತಗ್ಗಿಸಿ, ಲಾಡಿಯ ಬದಲು ಎಲಾಸ್ಟಿಕ್ ಇರುವ ಬಟ್ಟೆ, ಲುಂಗಿ ಅಥವಾ ನೈಟಿ ತೊಡಿಸಿ, ಕೈಗೆಟುಕುವಲ್ಲಿ ಯೂರಿನ್ ಪಾಟ್ ಇಟ್ಟರೆ ಅರ್ಧ ಸಮಸ್ಯೆ ಮುಗಿಯುತ್ತದೆ.

ಎರಡನೆಯದು, ಮೂತ್ರವೇ ಹೆಚ್ಚಾಗಿರುವುದು. ಗಂಟೆಗೆ 100 ಮಿ.ಲೀ. ವೇಗದಲ್ಲಿ ದಿನವಿಡೀ ಡ್ರಿಪ್ ಹೋದರೆ ಅದೊಂದೇ 2.4 ಲೀಟರ್. ಲ್ಯಾಸಿಕ್ಸ್‌ನಂಥ ನೀರಿಳಿಸುವ ಔಷಧಿ ಮಾತ್ರೆಯಾದರೆ ಒಂದು ಗಂಟೆಯೊಳಗೆ ಕೆಲಸ ಶುರುಮಾಡಿ ಆರೇಳು ಗಂಟೆ ಎಳೆಯುತ್ತದೆ. ರಕ್ತನಾಳಕ್ಕೆ ಇಂಜೆಕ್ಷನ್ ಕೊಟ್ಟರೆ ಐದು ನಿಮಿಷಕ್ಕೇ ಶುರುವಾಗಿ ಸುಮಾರು ಎರಡು ಗಂಟೆ ಇರುತ್ತದೆ. ರಕ್ತದ ಸಕ್ಕರೆ 180 ಮಿ.ಗ್ರಾಂ. ದಾಟಿದರೆ ಸಕ್ಕರೆ ಮೂತ್ರಕ್ಕೆ ಇಳಿಯುತ್ತದೆ, ಜೊತೆಗೆ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಹಗಲೆಲ್ಲ ಕಾಲು ಊದಿಕೊಂಡಿರುವವರು ರಾತ್ರಿ ಮಲಗಿದಾಗ ಆ ನೀರು ಮೂತ್ರವಾಗಿ ಬರುತ್ತದೆ.

ಮೂರನೆಯದು ಔಷಧಿ ಮತ್ತು ಕಾಯಿಲೆ. ನಿದ್ರೆ ಮಾತ್ರೆ ಕೊಟ್ಟರೆ ಒಂದಕ್ಕೆ ಬಂದದ್ದೇ ಗೊತ್ತಾಗುವುದಿಲ್ಲ. ಟ್ರಮಡಾಲ್‌ನಂಥ ನೋವಿನ ಔಷಧಿ, ಅವಿಲ್‌ನಂಥ ಅಲರ್ಜಿ ಔಷಧಿ ಮೂತ್ರವನ್ನು ಒಳಗೇ ಕಟ್ಟಿಹಾಕಬಹುದು. ಮೂತ್ರದ ಸೋಂಕು, ಪಾರ್ಶ್ವವಾಯು, ಜ್ವರದಲ್ಲಿ ಬರುವ ಗೊಂದಲ ಇವೆಲ್ಲ ಸೇರುತ್ತವೆ. ಯಾರೂ ನೆನಪಿಸಿಕೊಳ್ಳದ ಇನ್ನೊಂದು ಕಾರಣ ಮಲಬದ್ಧತೆ. ಮೂರು ನಾಲ್ಕು ದಿನ ಎರಡಕ್ಕೆ ಹೋಗದಿದ್ದರೆ ಗಟ್ಟಿಯಾದ ಮಲ ಮೂತ್ರಕೋಶವನ್ನೂ ಮೂತ್ರನಾಳವನ್ನೂ ಒತ್ತುತ್ತದೆ. ಹೊಟ್ಟೆ ಸರಿಹೋದ ದಿನವೇ ಸೋರುವುದು ನಿಂತ ರೋಗಿಗಳು ಬಹಳ.

ವಯಸ್ಸಾಯಿತು, ಇದು ಹೀಗೇ ಅಲ್ಲವೇ?

ಅಲ್ಲ. ವಯಸ್ಸಿನಿಂದ ತಡೆದುಕೊಳ್ಳುವ ಶಕ್ತಿ ಸ್ವಲ್ಪ ಕುಗ್ಗುತ್ತದೆ, ರಾತ್ರಿ ಒಂದೆರಡು ಸಲ ಏಳಬೇಕಾಗುತ್ತದೆ. ಹಾಸಿಗೆ ಒದ್ದೆಯಾಗುವುದು ವಯಸ್ಸಿನ ಸಹಜ ಲಕ್ಷಣವಲ್ಲ. 'ವಯಸ್ಸು' ಎಂದು ಒಪ್ಪಿಕೊಂಡ ಕ್ಷಣದಿಂದ ಕಾರಣ ಹುಡುಕುವುದು ನಿಲ್ಲುತ್ತದೆ, ನಷ್ಟವಾಗುವುದು ಅಲ್ಲೇ.

ಅಡ್ಮಿಟ್ ಮಾಡುವಾಗ ಡಾಕ್ಟರಿಗೆ, ಸಿಸ್ಟರಿಗೆ ಏನೇನು ಹೇಳಬೇಕು?

ಅವರು ಕೇಳದಿದ್ದರೂ ನೀವೇ ಹೇಳಿ. ಮೊದಲಿನಿಂದಲೂ ಇತ್ತೇ, ಹೊಸದೇ. ಕೆಮ್ಮಿದಾಗ, ಸೀನಿದಾಗ ಹೋಗುತ್ತದೆಯೇ, ಅವಸರವಾಗಿ ಬಂದು ತಡೆಯಲಾಗದೆ ಹೋಗುತ್ತದೆಯೇ, ಗೊತ್ತೇ ಆಗದೆ ಹನಿಯುತ್ತಿರುತ್ತದೆಯೇ. ಮನೆಯಲ್ಲಿ ರಾತ್ರಿ ಎಷ್ಟು ಸಲ ಏಳುತ್ತಿದ್ದರು. ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿನ ಗ್ರಂಥಿ) ತೊಂದರೆ, ಸಕ್ಕರೆ ಕಾಯಿಲೆ, ಬೆನ್ನಿನ ಆಪರೇಷನ್ ಆಗಿತ್ತೇ. ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನೇ ತಂದು ತೋರಿಸಿ. ಹೆಸರು ನೆನಪಿನಿಂದ ಹೇಳುವುದಕ್ಕಿಂತ ಅದು ಒಳ್ಳೆಯದು. ಕೊನೆಯ ಸಲ ಎರಡಕ್ಕೆ ಹೋಗಿದ್ದು ಯಾವಾಗ ಎಂಬುದನ್ನೂ ಸೇರಿಸಿ. ಕುಕ್ಕರಗಾಲಿನಲ್ಲಿ ಕುಳಿತೇ ಅಭ್ಯಾಸವಿರುವವರಿಗೆ ಮಲಗಿಕೊಂಡು ಬೆಡ್‌ಪ್ಯಾನಿಗೆ ಹೋಗಲು ಆಗುವುದೇ ಇಲ್ಲ, ಅದೂ ಹೇಳಬೇಕಾದ ವಿಷಯ.

ಮೂತ್ರ ಹನಿಹನಿಯಾಗಿ ಹೋಗುತ್ತಲೇ ಇದೆ, ಆದರೂ ಕಿಬ್ಬೊಟ್ಟೆ ಉಬ್ಬಿದೆ. ಇದೇನು?

ಇದನ್ನು ಎಲ್ಲಕ್ಕಿಂತ ಗಂಭೀರವಾಗಿ ತೆಗೆದುಕೊಳ್ಳಿ. ಮೂತ್ರಕೋಶ ಪೂರ್ತಿ ತುಂಬಿ, ಖಾಲಿ ಮಾಡಲಾಗದೆ, ಹೆಚ್ಚಾದದ್ದು ಉಕ್ಕಿ ಸೋರುತ್ತಿರಬಹುದು. ನೋಡುವವರಿಗೆ 'ತುಂಬಾ ಹೋಗುತ್ತಿದೆ' ಅನಿಸುತ್ತದೆ, ನಿಜದಲ್ಲಿ ಹೋಗುತ್ತಲೇ ಇಲ್ಲ. ದೊಡ್ಡವರಿಗೆ 150ರಿಂದ 250 ಮಿ.ಲೀ. ತುಂಬಿದಾಗ ಒಂದಕ್ಕೆ ಬಂದಂತಾಗುತ್ತದೆ, 400–500ಕ್ಕೆ ತಡೆಯಲಾಗುವುದಿಲ್ಲ. ಕಟ್ಟಿಕೊಂಡವರಲ್ಲಿ ಒಂದು ಲೀಟರಿಗೂ ಹೆಚ್ಚು ನಿಂತಿರುವುದುಂಟು. ಪ್ರಾಸ್ಟೇಟ್ ದಪ್ಪಗಾದ ಗಂಡಸರು, ಬೆನ್ನಿಗೆ ಅರಿವಳಿಕೆ ಕೊಟ್ಟು ಆಪರೇಷನ್ ಆದವರು, ಹೆರಿಗೆಯಾದವರು, ಬಹಳ ವರ್ಷ ಸಕ್ಕರೆ ಕಾಯಿಲೆ ಇರುವವರು, ಮಲ ಕಟ್ಟಿಕೊಂಡವರು ಇದಕ್ಕೆ ಸಿಕ್ಕುವುದು ಹೆಚ್ಚು.

ಹೊಕ್ಕಳಿನ ಕೆಳಗೆ ಗಟ್ಟಿ ಗುಂಡು ಕೈಗೆ ಸಿಕ್ಕಿದರೆ, ಅಲ್ಲಿ ಮುಟ್ಟಿದಾಗ ಒಂದಕ್ಕೆ ಬಂದಂತಾದರೆ, ತಡಮಾಡದೆ ಸಿಸ್ಟರಿಗೆ ಹೇಳಿ. ಮೂತ್ರ ಮಾಡಿದ ಮೇಲೆ ಒಳಗೆ ಎಷ್ಟು ಉಳಿದಿದೆ ಎಂದು ಸ್ಕ್ಯಾನ್ ಮಾಡಿ ನೋಡುತ್ತಾರೆ; ನೋವಿಲ್ಲ, ಐದು ನಿಮಿಷದ ಕೆಲಸ. ಇಂಥವರಿಗೆ ಡೈಪರ್ ಹಾಕಿ ಸುಮ್ಮನಾದರೆ ಮೂತ್ರ ಹಿಂದಕ್ಕೆ ತಳ್ಳುವ ಒತ್ತಡ ಕಿಡ್ನಿಗೆ ತಲುಪುತ್ತದೆ.

ಹೊತ್ತುಹೊತ್ತಿಗೆ ಕರೆದುಕೊಂಡು ಹೋಗಿ ಎನ್ನುತ್ತಾರೆ. ಎಷ್ಟು ಹೊತ್ತಿಗೆ?

ಮೊದಲ ಎರಡು ದಿನ ಬರೆದಿಡಿ. ಒಂದು ನೋಟ್‌ಬುಕ್ಕಿನಲ್ಲಿ ಸಮಯ, ಕುಡಿದದ್ದು, ಮೂತ್ರ ಹೋದದ್ದು, ಬಟ್ಟೆ ಒದ್ದೆಯಾದದ್ದು, ಯಾವ ಮಾತ್ರೆಯ ನಂತರ ಎಂಬುದು. ವಾರ್ಡಿನ ಇಂಟೇಕ್-ಔಟ್‌ಪುಟ್ ಚಾರ್ಟ್‌ಗೂ (ಒಳಹೋದ, ಹೊರಬಂದ ನೀರಿನ ಲೆಕ್ಕ) ಇದು ನೆರವಾಗುತ್ತದೆ. ಡೈಪರ್ ಹಾಕಿದ್ದರೆ ತೂಕ ಮಾಡಿ ಒಣ ಡೈಪರಿನ ತೂಕ ಕಳೆಯಬಹುದು. ಒಂದು ಗ್ರಾಂ ಎಂದರೆ ಸುಮಾರು ಒಂದು ಮಿ.ಲೀ.

ಎರಡು ದಿನದ ಪಟ್ಟಿ ನೋಡಿದರೆ ಲಯ ಕಾಣುತ್ತದೆ. ಮೂರು ಗಂಟೆಗೊಮ್ಮೆ ಒದ್ದೆಯಾಗುತ್ತಿದ್ದರೆ ಎರಡೂವರೆ ಗಂಟೆಗೊಮ್ಮೆ ಕರೆದೊಯ್ಯಿರಿ. ಲಯ ಸಿಗದಿದ್ದರೆ ಹಗಲಲ್ಲಿ ಎರಡು ಗಂಟೆಗೊಮ್ಮೆ, ರಾತ್ರಿ ಎಚ್ಚರವಿದ್ದರೆ ಮೂರು ನಾಲ್ಕು ಗಂಟೆಗೊಮ್ಮೆ. ಬೆಳಿಗ್ಗೆ ಎದ್ದ ಕೂಡಲೇ, ಊಟ ತಿಂಡಿಯಾದ ಮೇಲೆ, ಮಲಗುವ ಮುನ್ನ, ಫಿಸಿಯೋಥೆರಪಿಗೆ ಅಥವಾ ಸ್ಕ್ಯಾನಿಗೆ ಹೋಗುವ ಮುನ್ನ ತಪ್ಪಿಸಬೇಡಿ. ಲ್ಯಾಸಿಕ್ಸ್ ಕೊಟ್ಟ ಮೇಲೆ ಮೊದಲೆರಡು ಗಂಟೆ ಅರ್ಧ ಗಂಟೆಗೊಮ್ಮೆ ಕೇಳಿ. ಆ ಮಾತ್ರೆಯ ಎರಡನೇ ಡೋಸ್ ರಾತ್ರಿಗಿದ್ದರೆ ಮಧ್ಯಾಹ್ನಕ್ಕೆ ತರಬಹುದೇ ಎಂದು ರೌಂಡ್ಸಿಗೆ ಬಂದ ಡಾಕ್ಟರನ್ನು ವಿಚಾರಿಸಿ, ನೀವಾಗಿ ಬದಲಿಸಬೇಡಿ.

ನೆನಪಿನ ತೊಂದರೆ ಇರುವವರನ್ನು 'ಬಂತಾ?' ಎಂದು ಕೇಳಿದರೆ ಇಲ್ಲ ಎನ್ನುತ್ತಾರೆ. 'ಬನ್ನಿ ಅಪ್ಪಾ, ಒಂದ್ಸಲ ಹೋಗಿಬರೋಣ' ಎಂದು ಎಬ್ಬಿಸಿದರೆ ಬರುತ್ತಾರೆ. ಒಣಗಿದ್ದರೆ ಸಂತೋಷ ತೋರಿಸಿ. ಒದ್ದೆಯಾಗಿದ್ದರೆ ಬಟ್ಟೆ ಬದಲಿಸಿ ಮುಂದುವರಿಯಿರಿ, ಗದರಬೇಡಿ.

ಯೂರಿನ್ ಪಾಟ್, ಬೆಡ್‌ಪ್ಯಾನ್ ಹಿಡಿಯುವುದು ಹೇಗೆ? ಹಾಸಿಗೆಗೇ ಚೆಲ್ಲುತ್ತದೆ.

ಗಂಡಸರನ್ನು ಮಲಗಿಸಿಯೇ ಯೂರಿನ್ ಪಾಟ್ ಹಿಡಿಯುವುದೇ ಚೆಲ್ಲುವುದಕ್ಕೆ ದೊಡ್ಡ ಕಾರಣ. ಡಾಕ್ಟರು ಬೇಡ ಎಂದಿಲ್ಲದಿದ್ದರೆ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರಿಸಿ, ನಿಲ್ಲಲು ಆಗುವವರನ್ನು ನಿಲ್ಲಿಸಿ. ಗುರುತ್ವದ ಸಹಾಯ ಸಿಕ್ಕರೆ ಮೂತ್ರಕೋಶ ಪೂರ್ತಿ ಖಾಲಿಯಾಗುತ್ತದೆ. ಕೂರಲಾಗದಿದ್ದರೆ ಒಂದು ಮಗ್ಗುಲಿಗೆ ತಿರುಗಿಸಿ, ಪಾಟಿನ ಬಾಯಿ ಒಳಗೆ ಶಿಶ್ನ ಪೂರ್ತಿ ಇಳಿದಿರುವಂತೆ ಇಟ್ಟು ಪಾಟಿನ ತಳ ಕೆಳಕ್ಕಿರುವಂತೆ ಹಿಡಿಯಿರಿ. ಖಾಲಿ ಮಾಡಿ ತಕ್ಷಣ ತೊಳೆದಿಡಿ. ತುಂಬಿದ ಪಾಟನ್ನು ಊಟದ ಮೇಜಿನ ಮೇಲೆ ಇಡುವ ಅಭ್ಯಾಸ ಬಿಡಿ.

ಬೆಡ್‌ಪ್ಯಾನಿಗೆ ಇದು ಕ್ರಮ. ಸ್ಟೀಲಿನದಾದರೆ ಮೊದಲು ಬೆಚ್ಚಗಿನ ನೀರು ಹಾಕಿ ತೊಳೆದು ಒರೆಸಿ, ತಣ್ಣಗಿನ ಸ್ಟೀಲ್ ತಗುಲಿದರೆ ಮೈ ಬಿಗಿಯಾಗಿ ಮೂತ್ರ ಬರುವುದಿಲ್ಲ. ಕೆಳಗೆ ಅಂಡರ್‌ಪ್ಯಾಡ್ ಹಾಸಿ. ಮಂಡಿ ಮಡಿಸಿ, ಪಾದ ಊರಿ, ಸೊಂಟ ಎತ್ತಲು ಹೇಳಿ ಒಳಗೆ ಸರಿಸಿ. ಎತ್ತಲಾಗದಿದ್ದರೆ ಮಗ್ಗುಲಿಗೆ ತಿರುಗಿಸಿ, ಪ್ಯಾನನ್ನು ಪೃಷ್ಠಕ್ಕೆ ಒತ್ತಿ ಹಿಡಿದು, ಹಾಗೆಯೇ ಅಂಗಾತ ಉರುಳಿಸಿ. ಈಗ ಮಂಚದ ತಲೆಭಾಗ ಆದಷ್ಟು ಏರಿಸಿ, ಪರದೆ ಎಳೆದು ಸ್ವಲ್ಪ ಹೊತ್ತು ಬಿಡಿ. ಹತ್ತು ಹದಿನೈದು ನಿಮಿಷಕ್ಕಿಂತ ಹೆಚ್ಚು ಇಡಬಾರದು, ಅಂಚು ಒತ್ತಿ ಗಾಯವಾಗುತ್ತದೆ. ತೆಗೆಯುವಾಗ ಮೊದಲು ತಲೆಭಾಗ ಇಳಿಸಿ, ಒಂದು ಕೈಯಲ್ಲಿ ಪ್ಯಾನನ್ನು ಸಮವಾಗಿ ಒತ್ತಿ ಹಿಡಿದುಕೊಂಡೇ ರೋಗಿಯನ್ನು ಪಕ್ಕಕ್ಕೆ ತಿರುಗಿಸಿ. ಹೆಂಗಸರಿಗೆ ಒರೆಸುವುದು ಯಾವಾಗಲೂ ಮುಂದಿನಿಂದ ಹಿಂದಕ್ಕೆ. ಸೊಂಟದ ಮೂಳೆ ಮುರಿದವರಿಗೆ ಚಪ್ಪಟೆ ಮುಂಭಾಗದ ತೆಳು ಬೆಡ್‌ಪ್ಯಾನ್ ಕೇಳಿ ತರಿಸಿ. ಅವರನ್ನು ಹೇಗೆ ತಿರುಗಿಸಬೇಕೆಂದು ಸಿಸ್ಟರಿಂದ ಒಮ್ಮೆ ತೋರಿಸಿಕೊಳ್ಳಿ.

ಎದ್ದು ಎರಡು ಹೆಜ್ಜೆ ಇಡಬಲ್ಲವರಿಗೆ ಬೆಡ್‌ಪ್ಯಾನಿಗಿಂತ ಮಂಚದ ಪಕ್ಕ ಇಡುವ ಕಮೋಡ್ ಕುರ್ಚಿ ಎಷ್ಟೋ ಮೇಲು.

ನೀರು ಕಡಿಮೆ ಕೊಟ್ಟರೆ ಒದ್ದೆಯಾಗುವುದು ಕಡಿಮೆಯಾಗುವುದಿಲ್ಲವೇ?

ಕೆಲವು ಅಜ್ಜಿಯರು ತಾವಾಗಿಯೇ ನೀರು ಬಿಟ್ಟುಬಿಡುತ್ತಾರೆ, ಸೊಸೆಗೆ ತೊಂದರೆಯಾಗಬಾರದೆಂದು. ಪರಿಣಾಮ ಉಲ್ಟಾ. ಮೂತ್ರ ಗಟ್ಟಿಯಾಗಿ ಮೂತ್ರಕೋಶವನ್ನು ಕೆರಳಿಸುತ್ತದೆ, ಅವಸರ ಹೆಚ್ಚುತ್ತದೆ, ಸೋಂಕು ಬರುತ್ತದೆ, ಮಲ ಗಟ್ಟಿಯಾಗುತ್ತದೆ, ವಯಸ್ಸಾದವರಿಗೆ ಗೊಂದಲವೂ ಬರುತ್ತದೆ. ಹೃದಯ ಅಥವಾ ಕಿಡ್ನಿ ಕಾಯಿಲೆಗೆ ಡಾಕ್ಟರು ಅಳತೆ ಹಾಕಿಕೊಟ್ಟಿಲ್ಲದಿದ್ದರೆ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಕೊಡಿ. ಗಂಜಿ, ಮಜ್ಜಿಗೆ, ಸಾರು, ಎಳನೀರು ಎಲ್ಲ ಅದರಲ್ಲೇ ಲೆಕ್ಕ. ಪೊಟ್ಯಾಸಿಯಂ ಹೆಚ್ಚಿರುವ ಕಿಡ್ನಿ ರೋಗಿಗಳಿಗೆ ಎಳನೀರು ಬೇಡ. ಹೆಚ್ಚಿನ ಪಾಲು ಸಂಜೆಯೊಳಗೆ ಕುಡಿಸಿ, ರಾತ್ರಿ ಏಳರ ನಂತರ ಗುಟುಕು ಗುಟುಕಾಗಿ. ಕಾಫಿ, ಟೀ ಬೆಳಿಗ್ಗೆಗೇ ಮುಗಿಯಲಿ.

ಪೈಪ್ ಹಾಕಿಸಿಬಿಟ್ಟರೆ ಎಲ್ಲರಿಗೂ ಸುಲಭವಲ್ಲವೇ?

ಮೊದಲ ಒಂದೆರಡು ದಿನ ಸುಲಭ, ಆಮೇಲೆ ಬೆಲೆ ತೆರಬೇಕಾಗುತ್ತದೆ. ಕ್ಯಾಥೆಟರ್ ಒಳಗಿದ್ದಷ್ಟು ದಿನ, ದಿನಕ್ಕೆ ನೂರರಲ್ಲಿ ಮೂರರಿಂದ ಏಳು ಜನರ ಮೂತ್ರದಲ್ಲಿ ಹೊಸದಾಗಿ ಬ್ಯಾಕ್ಟೀರಿಯಾ ಸೇರಿಕೊಳ್ಳುತ್ತದೆ; ತಿಂಗಳು ಕಳೆದರೆ ಹೆಚ್ಚುಕಡಿಮೆ ಎಲ್ಲರಲ್ಲೂ ಇರುತ್ತದೆ. ಅವರಲ್ಲಿ ಕೆಲವರಿಗೆ ಸೋಂಕು ರಕ್ತಕ್ಕೆ ಏರುತ್ತದೆ. ಪೈಪ್ ಇದ್ದವರು ಮಂಚ ಬಿಟ್ಟು ಏಳುವುದು ಕಡಿಮೆ, ಕಾಲಿನ ಬಲ ಇಳಿಯುತ್ತದೆ. ಗೊಂದಲದಲ್ಲಿರುವವರು ಎಳೆದುಕೊಂಡರೆ, ಒಳಗೆ 10 ಮಿ.ಲೀ. ನೀರು ತುಂಬಿದ ಬಲೂನು ಮೂತ್ರನಾಳವನ್ನು ಹರಿದುಕೊಂಡೇ ಹೊರಬರುತ್ತದೆ.

ಅದಕ್ಕೇ ಕೇವಲ ಹಾಸಿಗೆ ಒದ್ದೆಯಾಗುತ್ತದೆ ಎಂಬ ಕಾರಣಕ್ಕೆ ಕ್ಯಾಥೆಟರ್ ಹಾಕಬಾರದು ಎನ್ನುವುದು ಸೋಂಕು ತಡೆಯುವ ಎಲ್ಲ ಮಾರ್ಗಸೂಚಿಗಳ ಮಾತು. ಮೂತ್ರ ಕಟ್ಟಿಕೊಂಡಾಗ, ಐಸಿಯುನಲ್ಲಿ ಗಂಟೆಗಂಟೆಗೆ ಅಳೆಯಬೇಕಾದಾಗ, ಕೆಲವು ಆಪರೇಷನ್‌ಗಳಿಗೆ, ಸೊಂಟದ ಕೆಳಗೆ ತೆರೆದ ಗಾಯವಿದ್ದು ಮೂತ್ರ ಅದಕ್ಕೆ ಬೀಳುತ್ತಿರುವಾಗ, ಕೊನೆಯ ದಿನಗಳಲ್ಲಿ ರೋಗಿಗೆ ನೆಮ್ಮದಿ ಬೇಕಾದಾಗ ಪೈಪ್ ಸರಿ. ಈಗಾಗಲೇ ಹಾಕಿದ್ದರೆ ದಿನಾ ರೌಂಡ್ಸಿನಲ್ಲಿ ಒಂದು ಪ್ರಶ್ನೆ ಕೇಳಿ: 'ಡಾಕ್ಟ್ರೇ, ಪೈಪ್ ಇನ್ನೂ ಬೇಕಾ?' ಕೇಳುವುದರಲ್ಲಿ ತಪ್ಪಿಲ್ಲ. ಮರೆತುಹೋಗಿ ಉಳಿದ ಪೈಪ್‌ಗಳು ಅನೇಕ.

ಪೈಪ್ ಇರುವಾಗ ಅಟೆಂಡರ್ ಏನು ನೋಡಿಕೊಳ್ಳಬೇಕು?

ಯೂರಿನ್ ಬ್ಯಾಗ್ ಯಾವಾಗಲೂ ಕಿಬ್ಬೊಟ್ಟೆಗಿಂತ ಕೆಳಗಿರಲಿ, ಆದರೆ ನೆಲಕ್ಕೆ ತಾಗದಿರಲಿ. ಮಂಚದ ಚೌಕಟ್ಟಿಗೆ ಸಿಕ್ಕಿಸಿ; ಏರಿಸಿ ಇಳಿಸುವ ಪಕ್ಕದ ಕಂಬಿಗೆ ಬೇಡ, ಅದನ್ನು ಏರಿಸಿದಾಗ ಬ್ಯಾಗೂ ಮೇಲೇರಿ ಮೂತ್ರ ಹಿಂದಕ್ಕೆ ಹರಿಯುತ್ತದೆ. ಸ್ಟ್ರೆಚರಿನಲ್ಲಿ ಕರೆದೊಯ್ಯುವಾಗ ಬ್ಯಾಗನ್ನು ಹೊಟ್ಟೆಯ ಮೇಲೆ ಇಡುವುದು ನಮ್ಮ ಆಸ್ಪತ್ರೆಗಳಲ್ಲಿ ದಿನಾ ಕಾಣುವ ತಪ್ಪು. ಹೊರಡುವ ಮುಂಚೆ ಖಾಲಿ ಮಾಡಿಸಿ, ಸ್ಟ್ರೆಚರಿನ ಪಕ್ಕಕ್ಕೆ ತೂಗಿಸಿ.

ಟ್ಯೂಬ್ ಮಡಿಚಿಕೊಂಡಿಲ್ಲ, ತೊಡೆಯ ಕೆಳಗೆ ಸಿಕ್ಕಿಲ್ಲ ಎಂದು ಪ್ರತಿ ಸಲ ಮಗ್ಗುಲು ಬದಲಿಸಿದಾಗ ನೋಡಿ. ತೊಡೆಗೆ ಪ್ಲಾಸ್ಟರಿನಿಂದ ಸ್ವಲ್ಪ ಸಡಿಲ ಬಿಟ್ಟು ಅಂಟಿಸಿರಬೇಕು. ಬ್ಯಾಗ್ ಮೂರರಲ್ಲಿ ಎರಡು ಭಾಗ ತುಂಬುವುದರೊಳಗೆ ಖಾಲಿ ಮಾಡಿ: ಕೈ ತೊಳೆದು, ಗ್ಲೌಸ್ ಹಾಕಿ, ಕೆಳಗಿನ ನಲ್ಲಿಯ ತುದಿ ಅಳತೆಯ ಜಾರ್‌ಗೆ ತಾಗದಂತೆ ಸುರಿದು, ನಲ್ಲಿ ಮುಚ್ಚಿ, ಅಳತೆ ಬರೆದು, ಮತ್ತೆ ಕೈ ತೊಳೆಯಿರಿ. ಪಕ್ಕದ ಮಂಚದವರ ಜಾರ್ ಬಳಸಬೇಡಿ, ಸೋಂಕು ಒಬ್ಬರಿಂದ ಒಬ್ಬರಿಗೆ ಹೋಗುವ ನೇರ ದಾರಿ ಅದು. ಟ್ಯೂಬನ್ನು ಬ್ಯಾಗಿನಿಂದ ಬಿಡಿಸಬೇಡಿ.

ಪೈಪ್ ಹೊರಬರುವ ಜಾಗವನ್ನು ದಿನಕ್ಕೊಮ್ಮೆ, ಮಲ ಹೋದ ಮೇಲೆ ಮತ್ತೊಮ್ಮೆ, ಸೋಪು ನೀರಿನಿಂದ ಒರೆಸಿದರೆ ಸಾಕು. ಡೆಟಾಲ್, ಬೆಟಾಡಿನ್ ಬೇಡ. ಗಂಡಸರಿಗೆ ಮುಂದೊಗಲು ಹಿಂದೆ ಸರಿಸಿ ಒರೆಸಿದರೆ ಮರೆಯದೆ ಮುಂದಕ್ಕೆ ತನ್ನಿ. ಹಿಂದೆಯೇ ಉಳಿದರೆ ಊದಿಕೊಂಡು ರಕ್ತ ಸಂಚಾರವೇ ನಿಲ್ಲಬಹುದು.

ಪೈಪ್ ಇದ್ದರೂ ಪಕ್ಕದಿಂದ ಸೋರುತ್ತಿದೆ. ದಪ್ಪ ಪೈಪ್ ಹಾಕಬೇಕೇ?

ಸಾಮಾನ್ಯವಾಗಿ ಬೇಡ. ಮೊದಲು ಟ್ಯೂಬ್ ಮಡಿಚಿದೆಯೇ, ಬ್ಯಾಗಿಗೆ ಮೂತ್ರ ಇಳಿಯುತ್ತಿದೆಯೇ ನೋಡಿ. ಬ್ಯಾಗಿಗೆ ಏನೂ ಬರದೆ ಪಕ್ಕದಿಂದ ಮಾತ್ರ ಬರುತ್ತಿದ್ದರೆ ಒಳಗೆ ಕಸ ಅಥವಾ ರಕ್ತದ ಗಡ್ಡೆ ಸಿಕ್ಕಿಕೊಂಡಿರಬಹುದು, ಸಿಸ್ಟರನ್ನು ತಕ್ಷಣ ಕರೆಯಿರಿ. ಬ್ಯಾಗಿಗೂ ಬರುತ್ತಿದ್ದು ಪಕ್ಕದಿಂದಲೂ ಸೋರುತ್ತಿದ್ದರೆ ಮೂತ್ರಕೋಶ ಬಲೂನನ್ನು ಹೊರದೂಡಲು ಸೆಳೆಯುತ್ತಿದೆ. ಕಿಬ್ಬೊಟ್ಟೆ ಹಿಂಡಿದ ಹಾಗೆ ನೋವೂ ಬರುತ್ತದೆ. ಮಲಬದ್ಧತೆಯಿದ್ದರೆ ಇದು ಹೆಚ್ಚು. ದಪ್ಪ ಪೈಪ್ ಸೆಳೆತವನ್ನು ಇನ್ನೂ ಹೆಚ್ಚಿಸುತ್ತದೆ.

ಪೈಪ್ ತೆಗೆದ ಮೇಲೆ ಎಷ್ಟು ಹೊತ್ತು ಕಾಯಬೇಕು?

ತೆಗೆದ ಸಮಯ ಬರೆದಿಡಿ. ಆರು ಗಂಟೆಯೊಳಗೆ ಮೂತ್ರ ಬರದಿದ್ದರೆ ತಿಳಿಸಿ. ಕಿಬ್ಬೊಟ್ಟೆ ನೋವು ಶುರುವಾದರೆ ಅಷ್ಟು ಹೊತ್ತೂ ಕಾಯಬೇಡಿ. ಮೊದಲ ಎರಡು ಮೂರು ಸಲ ಜಾರಿನಲ್ಲಿ ಅಳೆಯಿರಿ. ಪ್ರತಿ ಸಲ 50 ಮಿ.ಲೀ.ನಷ್ಟು ಮಾತ್ರ ಬಂದು ಹತ್ತು ನಿಮಿಷಕ್ಕೆ ಮತ್ತೆ ಹೋಗಬೇಕೆನಿಸಿದರೆ ಒಳಗೆ ಉಳಿಯುತ್ತಿದೆ ಎಂದರ್ಥ. ಮೊದಲ ದಿನ ಸ್ವಲ್ಪ ಉರಿ, ಅವಸರ ಸಹಜ. ಪ್ರಾಸ್ಟೇಟ್ ಆಪರೇಷನ್ ಆದವರಿಗೆ ಅವಸರವೂ ಹನಿಯುವುದೂ ಕೆಲವು ವಾರ ಇರುತ್ತದೆ, ಆಮೇಲೆ ಹೆಚ್ಚಿನವರಿಗೆ ಕಡಿಮೆಯಾಗುತ್ತದೆ.

ಕಾಂಡೋಮ್ ಕ್ಯಾಥೆಟರ್ ಎಂದರೇನು?

ಗಂಡಸರಿಗೆ ಮಾತ್ರ. ಒಳಗೆ ಏನೂ ಹೋಗುವುದಿಲ್ಲ. ಶಿಶ್ನದ ಮೇಲೆ ರಬ್ಬರ್ ಉರುಳಿಸಿ ಅದರ ತುದಿಯನ್ನು ಬ್ಯಾಗಿಗೆ ಜೋಡಿಸುತ್ತಾರೆ. ಮೂತ್ರ ತಾನಾಗಿ ಪೂರ್ತಿ ಹೋಗುತ್ತಿರುವವರಿಗೆ ಒಳ್ಳೆಯದು, ಕಟ್ಟಿಕೊಂಡವರಿಗೆ ಪ್ರಯೋಜನವಿಲ್ಲ.

ಕಿತ್ತುಬರುವುದು ಮೂರು ಕಾರಣಕ್ಕೆ: ಅಳತೆ ತಪ್ಪು, ಚರ್ಮದ ಮೇಲೆ ಎಣ್ಣೆ ಅಥವಾ ಪೌಡರ್, ಬುಡದ ಕೂದಲು. ಕೂದಲನ್ನು ಕತ್ತರಿಯಿಂದ ಮೋಟು ಮಾಡಿ, ಬ್ಲೇಡ್ ಬೇಡ. ತೊಳೆದು ಚೆನ್ನಾಗಿ ಒಣಗಿಸಿ, ಮುಂದೊಗಲು ಮುಂದೆಯೇ ಇರಲಿ. ಶಿಶ್ನದ ತುದಿಗೂ ರಬ್ಬರಿನ ತುದಿಗೂ ನಡುವೆ ಸುಮಾರು ಎರಡು ಸೆಂಟಿಮೀಟರ್ ಜಾಗ ಬಿಡಿ. ಬಿಡದಿದ್ದರೆ ಉಜ್ಜಿ ಗಾಯ, ತುಂಬಾ ಬಿಟ್ಟರೆ ತಿರುಚಿಕೊಂಡು ಮೂತ್ರ ನಿಲ್ಲುತ್ತದೆ. ಪಟ್ಟಿ ಸುತ್ತುವುದಾದರೆ ಅದರ ಜೊತೆ ಬಂದ ಹಿಗ್ಗುವ ಪಟ್ಟಿಯನ್ನೇ ಬಳ್ಳಿ ಹಬ್ಬಿದಂತೆ ಓರೆಯಾಗಿ ಸುತ್ತಿ. ಸಾಮಾನ್ಯ ಪ್ಲಾಸ್ಟರನ್ನು ಉಂಗುರದಂತೆ ಸುತ್ತಿದರೆ ರಕ್ತ ಸಂಚಾರ ನಿಂತು ಶಿಶ್ನಕ್ಕೇ ಅಪಾಯ. ಹಾಕಿದ ಅರ್ಧ ಗಂಟೆಗೆ ಒಮ್ಮೆ, ನಂತರ ಕೆಲವು ಗಂಟೆಗೊಮ್ಮೆ ಊತ, ಬಣ್ಣ ನೋಡಿ. ದಿನಕ್ಕೊಮ್ಮೆ ಬದಲಿಸಿ.

ಡೈಪರ್ ಯಾವುದು, ಎಷ್ಟು ಹೊತ್ತಿಗೆ ಬದಲಿಸಬೇಕು?

ಎದ್ದು ಓಡಾಡುವವರಿಗೆ ಚಡ್ಡಿಯಂತೆ ಏರಿಸುವ ಪ್ಯಾಂಟ್ ಮಾದರಿ, ಮಲಗಿಯೇ ಇರುವವರಿಗೆ ಪಕ್ಕದಲ್ಲಿ ಅಂಟಿಸುವ ಟೇಪ್ ಮಾದರಿ. ಪ್ಯಾಕೆಟ್ಟಿನ ಮೇಲಿನ ಸೊಂಟದ ಅಳತೆ ನೋಡಿ ಕೊಳ್ಳಿ. ದೊಡ್ಡದು ಹೆಚ್ಚು ಹೀರುತ್ತದೆ ಎಂದು ಎಕ್ಸ್‌ಎಲ್ ತಂದರೆ ತೊಡೆಯ ಸಂದಿಯಿಂದ ಸೋರುತ್ತದೆ. ಎರಡು ಡೈಪರ್ ಒಂದರ ಮೇಲೊಂದು ಹಾಕಿದರೂ ಲಾಭವಿಲ್ಲ, ಒಳಗಿನದರ ಹಿಂಬದಿ ಪ್ಲಾಸ್ಟಿಕ್ ಆದ್ದರಿಂದ ಮೂತ್ರ ಹೊರಗಿನದಕ್ಕೆ ದಾಟುವುದೇ ಇಲ್ಲ.

ಬದಲಿಸುವಾಗ ರೋಗಿಯನ್ನು ಒಂದು ಮಗ್ಗುಲಿಗೆ ತಿರುಗಿಸಿ, ಹಳೆಯದನ್ನು ಒಳಮುಖವಾಗಿ ಸುತ್ತಿ ಮೈ ಕೆಳಗೆ ತೂರಿಸಿ. ಒರೆಸಿ ಒಣಗಿಸಿ, ಹೊಸದರ ಅರ್ಧವನ್ನು ಸುರುಳಿ ಸುತ್ತಿ ಅದರ ಪಕ್ಕಕ್ಕೇ ಇಡಿ. ಇನ್ನೊಂದು ಮಗ್ಗುಲಿಗೆ ಉರುಳಿಸಿ ಹಳೆಯದನ್ನು ಎಳೆದು ತೆಗೆದು ಹೊಸದನ್ನು ಬಿಚ್ಚಿ ಹರಡಿ. ಅಂಗಾತ ಮಲಗಿಸಿ ಮುಂಭಾಗ ಎಳೆದು, ತೊಡೆಸಂದಿಯ ಎಲಾಸ್ಟಿಕ್ ಅಂಚನ್ನು ಬೆರಳಿನಿಂದ ಹೊರಗೆ ಬಿಡಿಸಿ. ಸೋರುವ ಡೈಪರ್‌ಗಳಲ್ಲಿ ಹೆಚ್ಚಿನವು ಈ ಅಂಚು ಒಳಗೆ ಮಡಿಚಿಕೊಂಡವು. ಗಂಡಸರಿಗೆ ಶಿಶ್ನ ಕೆಳಮುಖವಾಗಿರಲಿ. ಕೆಳಗಿನ ಟೇಪ್ ಮೊದಲು, ಮೇಲಿನದು ಆಮೇಲೆ.

ಎರಡು ಗಂಟೆಗೊಮ್ಮೆ ನೋಡಿ, ಒದ್ದೆಯಾಗಿದ್ದರೆ ಬದಲಿಸಿ. ಮಲ ಹೋಗಿದ್ದರೆ ಒಂದು ನಿಮಿಷವೂ ತಡ ಬೇಡ. ಬಾಕಿ ಉಳಿದ ಡೈಪರ್ ಮುಗಿಯಲಿ ಎಂದು ಒದ್ದೆಯಲ್ಲೇ ಇಡುವ ಉಳಿತಾಯ ಬೆಡ್ ಸೋರಿನ (ಮಲಗಿದಲ್ಲೇ ಒತ್ತಿ ಆಗುವ ಹುಣ್ಣು) ಡ್ರೆಸಿಂಗ್ ಖರ್ಚಿನಲ್ಲಿ ಹತ್ತುಪಟ್ಟು ಹೋಗುತ್ತದೆ. ಬಳಸಿದ ಪೈಪ್, ಯೂರಿನ್ ಬ್ಯಾಗ್ ಕೆಂಪು ಚೀಲಕ್ಕೆ ಸೇರಬೇಕು. ಡೈಪರ್ ಯಾವ ಬಕೆಟ್ಟಿಗೆ ಎಂದು ಆ ವಾರ್ಡಿನ ಸಿಸ್ಟರನ್ನೇ ಕೇಳಿ; ಟಾಯ್ಲೆಟ್ಟಿನೊಳಗೆ ಎಸೆಯಬೇಡಿ.

ಇನ್ಶೂರೆನ್ಸ್‌ನಲ್ಲಿ ಡೈಪರ್ ಖರ್ಚು ಬರುತ್ತದೆಯೇ?

ಸಾಮಾನ್ಯವಾಗಿ ಇಲ್ಲ. ವಿಮೆ ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಐಆರ್‌ಡಿಎಐ ಮಾಡಿರುವ ಪಾವತಿಸದ ವಸ್ತುಗಳ ಪಟ್ಟಿಯಲ್ಲಿ ಎಲ್ಲ ಬಗೆಯ ಡೈಪರ್ ಸೇರಿವೆ. ಅಂಥ ವಸ್ತುಗಳಿಗೂ ಕೊಡುವ ಹೆಚ್ಚುವರಿ ಸೌಲಭ್ಯ ನಿಮ್ಮ ಪಾಲಿಸಿಯಲ್ಲಿ ಇದೆಯೇ ನೋಡಿಕೊಳ್ಳಿ.

ತೊಡೆಸಂದಿ ಕೆಂಪಾಗಿದೆ. ಪೌಡರ್ ಹಾಕಬಹುದೇ?

ಬೇಡ. ಪೌಡರ್ ಒದ್ದೆಗೆ ಸೇರಿ ಉಂಡೆ ಕಟ್ಟಿ ಮರಳಿನಂತೆ ಉಜ್ಜುತ್ತದೆ. ಆರೋಗ್ಯವಂತ ಚರ್ಮ ಸ್ವಲ್ಪ ಆಮ್ಲೀಯ, ಸ್ನಾನದ ಸೋಪು ಕ್ಷಾರ. ಮೂತ್ರ ನಿಂತಲ್ಲಿ ಅಮೋನಿಯಾ ಹುಟ್ಟಿ ಇನ್ನೂ ಕ್ಷಾರವಾಗುತ್ತದೆ. ಅದರ ಮೇಲೆ ದಿನಕ್ಕೆ ಆರು ಸಲ ಸೋಪು ಉಜ್ಜಿದರೆ ಚರ್ಮ ಕಿತ್ತುಬರುತ್ತದೆ. ಬೆಚ್ಚಗಿನ ನೀರಿನಲ್ಲಿ ಅದ್ದಿದ ಮೆತ್ತನೆಯ ಹತ್ತಿ ಬಟ್ಟೆ, ಹಳೆಯ ಪಂಚೆಯ ತುಂಡಾದರೂ ಸರಿ, ಸಾಕು. ಉಜ್ಜಿ ಒರೆಸಬೇಡಿ, ಒತ್ತಿ ನೀರು ಹೀರಿಸಿ. ಎರಡು ಮೂರು ನಿಮಿಷ ಗಾಳಿಗೆ ಬಿಟ್ಟು, ಜಿಂಕ್ ಆಕ್ಸೈಡ್ ಕ್ರೀಂ ಅಥವಾ ಪೆಟ್ರೋಲಿಯಂ ಜೆಲ್ಲಿಯನ್ನು ಚರ್ಮ ಕಾಣುವಷ್ಟು ತೆಳ್ಳಗೆ ಸವರಿ. ದಪ್ಪಗೆ ಹಚ್ಚಿದರೆ ಅದು ಡೈಪರಿಗೆ ಅಂಟಿ, ಡೈಪರ್ ಹೀರುವುದನ್ನೇ ನಿಲ್ಲಿಸುತ್ತದೆ. ಪ್ರತಿ ಸಲ ಹಳೆಯ ಕ್ರೀಮನ್ನು ಕೆರೆದು ತೆಗೆಯಬೇಕಿಲ್ಲ, ಕೊಳೆ ಹೋದರೆ ಸಾಕು.

ಮೂತ್ರದಿಂದ ಬಂದ ಕೆಂಪು ಅಗಲವಾಗಿ, ಮಡಿಕೆಗಳಲ್ಲಿ ಹರಡಿರುತ್ತದೆ. ಸೊಂಟದ ಹಿಂದೆ ಮೂಳೆ ಉಬ್ಬಿರುವಲ್ಲಿ ಮಾತ್ರ ಕೆಂಪಿದ್ದು, ಬೆರಳಿನಿಂದ ಒತ್ತಿ ಬಿಟ್ಟರೂ ಬಣ್ಣ ಬದಲಾಗದಿದ್ದರೆ ಅದು ಬೆಡ್ ಸೋರಿನ ಮೊದಲ ಹಂತ. ಕ್ರೀಂ ಸಾಲದು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಭಾರ ತಪ್ಪಿಸಬೇಕು. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದು. ಸುತ್ತಲಿಗಿಂತ ಗಾಢ ಬಣ್ಣ, ಬಿಸಿ, ಗಟ್ಟಿತನ ಮುಟ್ಟಿ ನೋಡಿ. ಕೆಂಪಿನ ಅಂಚಿನಾಚೆ ಸಣ್ಣ ಸಣ್ಣ ಗುಳ್ಳೆಗಳಿದ್ದು ತುರಿಕೆಯಿದ್ದರೆ ಫಂಗಸ್ ಇರಬಹುದು, ಡಾಕ್ಟರಿಗೆ ತೋರಿಸಿ.

ರಾತ್ರಿ ಒಬ್ಬರೇ ಎದ್ದು ಹೋಗಲು ನೋಡುತ್ತಾರೆ. ಬೀಳುವ ಭಯ.

ಭಯ ಸರಿಯಾದದ್ದೇ, ವಾರ್ಡುಗಳಲ್ಲಿ ವಯಸ್ಸಾದವರು ಬೀಳುವುದು ಹೆಚ್ಚಾಗಿ ಟಾಯ್ಲೆಟ್ಟಿಗೆ ಹೋಗುವಾಗ. ಮಂಚದ ಚಕ್ರದ ಲಾಕ್ ಹಾಕಿದೆಯೇ ನೋಡಿ, ಮಂಚ ಪೂರ್ತಿ ತಗ್ಗಿಸಿ. ಗೊಂದಲದಲ್ಲಿರುವವರಿಗೆ ಕಂಬಿ ಏರಿಸಿದರೆ ದಾಟಿ ಬೀಳುತ್ತಾರೆ, ಇನ್ನೂ ಎತ್ತರದಿಂದ. ಸವೆದ ಹವಾಯಿ ಚಪ್ಪಲಿ ಬೇಡ, ಹಿಡಿತವಿರುವ ಚಪ್ಪಲಿ ತನ್ನಿ. ಎದ್ದ ಕೂಡಲೇ ನಡೆಸಬೇಡಿ. ಒಂದೆರಡು ನಿಮಿಷ ಮಂಚದ ಅಂಚಿನಲ್ಲಿ ಕೂರಿಸಿ. ಪ್ರಾಸ್ಟೇಟಿಗೆ ಟ್ಯಾಮ್ಸುಲೋಸಿನ್ ನುಂಗುವವರಿಗೆ ಇದು ಇನ್ನೂ ಮುಖ್ಯ, ಎದ್ದಾಗ ಬಿಪಿ ಇಳಿದು ತಲೆ ಸುತ್ತುತ್ತದೆ.

ಅಮ್ಮ ನನಗೆ ಹೇಳಲು ನಾಚಿಕೊಳ್ಳುತ್ತಾರೆ. ಮಗ ನಾನು, ಏನು ಮಾಡಲಿ?

ಎಷ್ಟೋ ತಾಯಂದಿರು ಮಗನ ಮುಂದೆ ಒದ್ದೆ ಬಟ್ಟೆಯಲ್ಲೇ ಗಂಟೆಗಟ್ಟಲೆ ಇರುತ್ತಾರೆ. ಆ ನಾಚಿಕೆಯನ್ನು ಗೌರವಿಸಿ. ಆಯಾ ಅಥವಾ ಮಹಿಳಾ ಸಿಸ್ಟರಿಗೆ ನೀವೇ ಮುಂಚಿತವಾಗಿ ಹೇಳಿಡಿ, ಸಾಧ್ಯವಾದರೆ ಸೊಸೆ, ಮಗಳು, ತಂಗಿ ಯಾರನ್ನಾದರೂ ಪಾಳಿಯಲ್ಲಿ ಉಳಿಸಿಕೊಳ್ಳಿ. ಯಾರೂ ಇಲ್ಲದೆ ನೀವೇ ಮಾಡಬೇಕಾದರೆ ಪರದೆ ಎಳೆದು, ಮೇಲೆ ಸೀರೆ ಅಥವಾ ಹೊದಿಕೆ ಹಾಕಿ, ಬೇಕಾದಷ್ಟೇ ಸರಿಸಿ, ಮುಂದೇನು ಮಾಡುತ್ತೀರೆಂದು ಹೇಳುತ್ತಾ ಮಾಡಿ. ವಿಸಿಟರ್ ಬಂದಾಗ 'ಹಾಸಿಗೆಯಲ್ಲೇ ಮಾಡಿಕೊಂಡರು' ಎಂಬ ಮಾತು ಅವರ ಎದುರು ಬೇಡ.

ಹೆರಿಗೆಯಾದ ಮೇಲೆ ಮೂತ್ರ ಬಂದದ್ದೇ ಗೊತ್ತಾಗುತ್ತಿಲ್ಲ.

ಹೆರಿಗೆಯ ನಂತರ ಆರು ಗಂಟೆಯೊಳಗೆ ಮೂತ್ರ ಹೋಗಬೇಕು. ಬರಲಿಲ್ಲ ಅಥವಾ ಹನಿಯಷ್ಟೇ ಬಂತು ಎಂದರೆ ತಿಳಿಸಿ. ಬೆನ್ನಿನ ಇಂಜೆಕ್ಷನ್, ಹೊಲಿಗೆಯ ನೋವು, ಊತದಿಂದ ಕಟ್ಟಿಕೊಳ್ಳುತ್ತದೆ. ಬಾಣಂತಿಗೆ ನೀರು ಕೊಡಬಾರದು ಎಂಬ ಹಿರಿಯರ ಮಾತನ್ನು ಇಲ್ಲಿ ಕೇಳಬೇಡಿ. ಕೆಮ್ಮಿದಾಗ ಸೋರುವುದಕ್ಕೆ ಕೆಳಗಿನ ಸ್ನಾಯುಗಳ ವ್ಯಾಯಾಮವಿದೆ: ಗಾಳಿ ಹೋಗದಂತೆ ತಡೆಯುವಾಗ ಬಿಗಿಯುವ ಸ್ನಾಯುವನ್ನು ಐದು ಸೆಕೆಂಡ್ ಬಿಗಿದು ಅಷ್ಟೇ ಹೊತ್ತು ಸಡಿಲಿಸಿ, ಒಮ್ಮೆಗೆ ಎಂಟು ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಉಸಿರು ಹಿಡಿಯಬೇಡಿ. ಪೈಪ್ ಇರುವಾಗ ಮಾಡಬೇಡಿ. ಗುಣ ಕಾಣಲು ಮೂರು ತಿಂಗಳಾದರೂ ಬೇಕು.

ಮೂತ್ರ ವಾಸನೆ ಬರುತ್ತಿದೆ. ಆಂಟಿಬಯಾಟಿಕ್ ಕೊಡಿಸಬೇಕೇ?

ವಾಸನೆಯೊಂದೇ ಸೋಂಕಿನ ಗುರುತಲ್ಲ, ನೀರು ಸಾಲದಿದ್ದರೂ ಬರುತ್ತದೆ. ಜ್ವರ, ಚಳಿ, ಉರಿ, ಸೊಂಟದ ಪಕ್ಕದ ನೋವು, ಒಮ್ಮೆಲೇ ಬಂದ ಗೊಂದಲ ಇದ್ದರೆ ಹೇಳಿ. ಪೈಪ್ ಇರುವವರ ಮೂತ್ರ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಕಾಣುವುದು ಸಾಮಾನ್ಯ. ಲಕ್ಷಣವಿಲ್ಲದೆ ಔಷಧಿ ಕೊಟ್ಟರೆ ಮುಂದೆ ನಿಜವಾದ ಸೋಂಕಿಗೆ ಔಷಧಿ ನಾಟುವುದಿಲ್ಲ.

ಯಾವಾಗ ಕಾಯದೆ ಕರೆಯಬೇಕು?

ಬೆನ್ನುನೋವಿನ ಜೊತೆ ಕಾಲು ಸೋತುಬಂದು, ತೊಡೆಗಳ ಒಳಭಾಗ ಮತ್ತು ಗುದದ ಸುತ್ತ ಸ್ಪರ್ಶ ತಿಳಿಯದೆ, ಮೂತ್ರದ ಹಿಡಿತ ತಪ್ಪಿದ್ದರೆ ಬೆನ್ನುಹುರಿಯ ಕೆಳಗಿನ ನರಗಳು ಒತ್ತಿಹೋಗಿರಬಹುದು. ಗಂಟೆಗಳ ಲೆಕ್ಕದ ತುರ್ತು ಅದು, ಬೆಳಗಿನ ರೌಂಡ್ಸಿಗೆ ಕಾಯಬೇಡಿ. ಆರೆಂಟು ಗಂಟೆ ಮೂತ್ರವೇ ಇಲ್ಲದಿರುವುದು, ರಕ್ತದ ಗಡ್ಡೆ ಬರುವುದು, ಪೈಪ್ ಕಿತ್ತುಕೊಂಡು ರಕ್ತ ಬರುವುದು ಕೂಡ ಹಾಗೆಯೇ.

ಡಿಸ್ಚಾರ್ಜ್ ದಿನ ಏನು ಕೇಳಿಕೊಳ್ಳಬೇಕು?

ಪೈಪ್ ಸಮೇತ ಕಳಿಸುತ್ತಿದ್ದರೆ ಯಾಕೆ, ತೆಗೆಯುವ ಅಥವಾ ಬದಲಿಸುವ ದಿನಾಂಕ ಯಾವುದು, ಅದು ಲ್ಯಾಟೆಕ್ಸೇ ಸಿಲಿಕೋನೇ ಎಂದು ಡಿಸ್ಚಾರ್ಜ್ ಸಮ್ಮರಿಯಲ್ಲೇ ಬರೆಸಿಕೊಳ್ಳಿ. ಲ್ಯಾಟೆಕ್ಸ್ ಕೆಲವೇ ವಾರ, ಸಿಲಿಕೋನ್ ಹೆಚ್ಚೆಂದರೆ ಸುಮಾರು ಹನ್ನೆರಡು ವಾರ. ತಾಲೂಕು ಆಸ್ಪತ್ರೆಯಲ್ಲಿ ಬದಲಿಸಿಕೊಳ್ಳಬಹುದೇ ಎಂದು ಕೇಳಿದರೆ ಬೆಂಗಳೂರಿಗೆ ಒಂದು ಓಡಾಟ ತಪ್ಪಬಹುದು. ಆಸ್ಪತ್ರೆಯಲ್ಲಿ ಶುರುಮಾಡಿದ ನಿದ್ರೆ ಮಾತ್ರೆ, ನೋವಿನ ಮಾತ್ರೆ ಯಾವಾಗ ನಿಲ್ಲಿಸಬೇಕು, ಲ್ಯಾಸಿಕ್ಸ್ ಯಾವ ಹೊತ್ತಿಗೆ ಎಂದು ಖಚಿತಪಡಿಸಿಕೊಳ್ಳಿ. ಪಾರ್ಶ್ವವಾಯುವಾದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಮೊದಲ ದಿನಗಳಲ್ಲಿ ಹಿಡಿತ ತಪ್ಪುತ್ತದೆ, ಅವರಲ್ಲಿ ಬಹಳಷ್ಟು ಮಂದಿಗೆ ವಾರಗಳಲ್ಲಿ, ತಿಂಗಳುಗಳಲ್ಲಿ ಮರಳುತ್ತದೆ. ಹೊತ್ತುಹೊತ್ತಿಗೆ ಕರೆದೊಯ್ಯುವ ಪಟ್ಟಿಯನ್ನು ಮನೆಯಲ್ಲೂ ಮುಂದುವರಿಸಿ. ಮನೆಗೆ ಹೋಗುವ ಮುಂಚೆಯೇ ಮಂಚದಿಂದ ಬಚ್ಚಲಿನವರೆಗೆ ರಾತ್ರಿ ದೀಪ, ಬಚ್ಚಲಿನ ಗೋಡೆಗೆ ಹಿಡಿ, ಕುಕ್ಕರಗಾಲಿನ ಟಾಯ್ಲೆಟ್ ಆದರೆ ಅದರ ಮೇಲೆ ಇಡುವ ಕಮೋಡ್ ಸ್ಟೂಲ್ ಇವು ಸಿದ್ಧವಾಗಿರಲಿ.